ಇಪ್ಪತ್ತೈದು ಮಿಲಿಮೀಟರು

ಹಳೆಯ ಬೈಕನ್ನು ಮಾರಲಿಲ್ಲ. ಶೆಡ್ಡಿನಲ್ಲೇ ಇದೆ,
ಮೈಮೇಲಿನ ಕೆಸರು ಒಣಗಿಸಿಕೊಳ್ಳುತ್ತ, ಎಮ್ಮೆಯ ಹಾಗೆ.
ಐವತ್ತೊಂದರಲ್ಲಿ ಕಲಿತದ್ದು ಅದರ ಮೇಲೆ,
ಡಾಕ್ಟರರ ಒಂದು ಮಾತಿಗೆ ಹೆದರಿ,
ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಸೊಂಟ ಹೊತ್ತು.
ದಪ್ಪ ಗಾಲಿ, ಎಲ್ಲವನ್ನೂ ನುಂಗುತ್ತಿತ್ತು:
ಗುಂಡಿ, ಬೇರು, ಕುರಿಹಿಕ್ಕೆ,
ನನ್ನ ತಪ್ಪುಗಳನ್ನೂ.

ಇದು ನುಂಗುವುದಿಲ್ಲ. ಎಲ್ಲವನ್ನೂ ಹೇಳುತ್ತದೆ.

ಮೆರೆರಿದ್ ಗ್ಯಾರೇಜಿನ ಬಾಗಿಲೆತ್ತಿ ತೋರಿಸಿದಳು,
ಮೊಳೆಗೆ ತೂಗುಬಿದ್ದ ನೀಲಿ ಸೈಕಲ್ಲು.
ಎತ್ತಿದೆ. ತುಂಬಿದೆಯೆಂದುಕೊಂಡು
ಖಾಲಿ ಕೊಡ ಎತ್ತಿದವಳ ಕೈಯಂತೆ
ನನ್ನ ಕೈ ಮೇಲಕ್ಕೆ ಹಾರಿತು.
"ನೂರೈವತ್ತು ಪೌಂಡು" ಅಂದಳು.
ಸ್ವಲ್ಪ ತಡೆದು, "ನೂರಿಪ್ಪತ್ತು."
ನಾನಿನ್ನೂ ಬಾಯೇ ತೆರೆದಿರಲಿಲ್ಲ.

ಸೀಟಿನ ಕಂಬದ ಮೇಲೆ ಕಪ್ಪು ಟೇಪಿನ ಗೆರೆ,
ಅವಳ ಗಂಡ ಎಮ್ರಿಸನ ಎತ್ತರ.
ಕೀಳಬೇಡ ಅಂತ ಅವಳೇನೂ ಹೇಳಲಿಲ್ಲ.
ಮನೆಗೆ ತಂದು ಸೀಟನ್ನು ಮೂರು ಬೆರಳು ಇಳಿಸಿದೆ.
ಗೆರೆ ಕೊಳವೆಯೊಳಗೆ ಜಾರಿ ಮರೆಯಾಯಿತು.
ಅಲ್ಲಿಯೇ ಇದೆ ಈಗಲೂ,
ನಾನು ಕೂರುವ ಜಾಗದ ಕೆಳಗೆ, ಕತ್ತಲಲ್ಲಿ.

ಬೂಟಿನಡಿಗೊಂದು ಬಿಲ್ಲೆ, ಪೆಡಲಿಗೊಂದು ಬಾಯಿ.
ಕಚ್ಚುವುದು ಸುಲಭ. ಬಿಡಿಸಿಕೊಳ್ಳಲು
ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು.
ಬಾಲಾ ಪೇಟೆಬೀದಿಯ ಕೆಂಪು ದೀಪದಲ್ಲಿ
ತಿರುಗಿಸಲು ಮರೆತೆ.
ನಿಂತ ಸೈಕಲ್ಲಿನಿಂದ ಬೀಳಲು ಬಹಳ ಹೊತ್ತು ಹಿಡಿಯುತ್ತದೆ,
ಯಾರ್ಯಾರು ನೋಡುತ್ತಿದ್ದಾರೆ ಎಂದು ಎಣಿಸುವಷ್ಟು.
ಹನ್ನೊಂದು ಜನ. ಒಂದು ನಾಯಿ.
ಮೀನಂಗಡಿಯ ಹುಡುಗ ಓಡಿ ಬಂದು
ಮೊದಲು ಸೈಕಲ್ಲನ್ನು ಎತ್ತಿದ.

ಹಿಡಿ ಟಗರಿನ ಕೊಂಬು.
ಅದರೊಳಗೆ ಬಾಗಿದರೆ ಬೆಟ್ಟ ಕಾಣದು, ಸರೋವರ ಕಾಣದು,
ಮುಂದಿನ ನಾಲ್ಕು ಮಾರು ಡಾಂಬರು ಮಾತ್ರ.
ಸಾವಿರಾರು ಸಲ ಓಡಿಸಿದ ದಾರಿಯಿದು,
ಸಪಾಟು ಅಂದುಕೊಂಡಿದ್ದೆ.
ಚಾಪೆಲಿನಿಂದ ಸೇತುವೆಯ ತನಕ ಉದ್ದಕ್ಕೂ ಏರು!
ಬಸ್ಸು ಒಮ್ಮೆಯೂ ನನಗೆ ಹೇಳಿರಲಿಲ್ಲ.
ಕುರಿ ದಾಟದಂತೆ ಹಾಸಿದ ಕಬ್ಬಿಣದ ಸಲಾಕೆಗಳ ಮೇಲೆ
ಹಲ್ಲು, ಗಾಜು, ಗಂಟೆ, ಎಲ್ಲ ಒಟ್ಟಿಗೆ ನಡುಗಿದವು.
ಅದರಾಚೆ ಇಳಿಜಾರು.
ಅಲ್ಲಿ ನಾನು ಕೂಗಿದೆ. ಏನು ಕೂಗಿದೆನೋ,
ಕೇಳಿದ್ದು ಕುರಿಗಳು.

ಮೂರನೆಯ ಭಾನುವಾರ, ಸರೋವರದ ತಿರುವಿನಲ್ಲಿ
ಗೆಥಿನ್ ಬಂದ, ನಲವತ್ತೊಂದನೇ ನಂಬರು, ನನ್ನದೇ ಬಸ್ಸು.
ಹಾರ್ನು ಒತ್ತಿದ. ಬಲ ಮೊಣಕೈಗೂ ಆ ಕೆಂಪು ತಗಡಿಗೂ ನಡುವೆ
ಒಂದು ಗೇಣು.
ಬಸ್ಸು ದಾಟಿದ ಮೇಲೆ ಗಾಳಿ ಬಂದು
ಒಳಕ್ಕೆ ಸೆಳೆಯಿತು. ಆಮೇಲೆ ಬೇಲಿಯ ಕಡೆಗೆ ನೂಕಿತು.
ಅವನಿಗೆ ನನ್ನ ಗುರುತು ಸಿಗಲಿಲ್ಲ.
ಬೆನ್ನಿಗೆ ಹೆಸರಿರುವುದಿಲ್ಲ.

ಇಳಿದು ಗೋಡೆಗೆ ಒರಗಿ ನಿಂತೆ.
ಇದೇ ತಿರುವು. ಐದೋ ಆರೋ ವರ್ಷದ ಹಿಂದೆ,
ಹಳದಿ ಜಾಕೆಟ್ಟು, ನೀಲಿ ಸೈಕಲ್ಲು,
ನಾಲ್ಕು ನಿಮಿಷ ತಡವಾಗಿದ್ದ ನಾನು.
ಆ ಗೇಣನ್ನು ನಾನೂ ಕೊಟ್ಟಿದ್ದೆ.
ನೀಲಿ ಸೈಕಲ್ಲುಗಳು ಬೇಕಾದಷ್ಟಿವೆ.
ಎಮ್ರಿಸ್ ತೀರಿಕೊಂಡದ್ದು ಆಸ್ಪತ್ರೆಯಲ್ಲಿ, ಹಾಸಿಗೆಯ ಮೇಲೆ.
ಅಷ್ಟಕ್ಕೆ ಸಮಾಧಾನವಾಗಬೇಕಿತ್ತು.
ಮೆರೆರಿದಳಿಗೆ ಹೇಳಿಲ್ಲ.
ಮೂವತ್ತು ಪೌಂಡು ಇನ್ನೂ ಕಿಸೆಯಲ್ಲಿ ಚುಚ್ಚುತ್ತಿದೆ.

ಸೋಮವಾರ. ಚಾಪೆಲಿನ ಏರು.
ಮುಂದೆ ಒಬ್ಬ ಹುಡುಗ, ಶಾಲೆಯ ಚೀಲ ಬೆನ್ನಿಗೆ,
ನಿಂತುಕೊಂಡು ತುಳಿಯುತ್ತಿದ್ದಾನೆ,
ಅತ್ತಿತ್ತ ಓಲಾಡುತ್ತ.
"ದಾಟಿಸಮ್ಮಾ, ಜಾಗ ಇದೆಯಲ್ಲ" ಅನ್ನುತ್ತಾರೆ
ಹಿಂದಿನಿಂದ ಮುದುಕಿ ಬ್ಲಾಡ್‌ವೆನ್, ದಂತವೈದ್ಯರಿಗೆ ಹೊತ್ತಾಯಿತೆಂದು.
"ಇಲ್ಲಿ ಏರಿದೆ" ಅಂದೆ.
"ಎಲ್ಲಿ?"

ಹನ್ನೆರಡು ಟನ್ನು ಕಬ್ಬಿಣವನ್ನು ಎರಡನೇ ಗೇರಿಗೆ ಇಳಿಸಿ
ಅವನ ಉಸಿರಿನ ವೇಗಕ್ಕೆ ತಂದೆ.
ಸೇತುವೆ ಹತ್ತಿರ ಹುಡುಗ ಪಕ್ಕಕ್ಕೆ ಸರಿದ, ನಿಲ್ಲಲು ಹೊರಟ.
ಗಾಜಿನ ಈಚೆ, ಬ್ರೇಕಿನ ಮೇಲೆ,
ನನ್ನ ಹಿಮ್ಮಡಿ
ತಾನಾಗಿಯೇ ಹೊರಗೆ ತಿರುಗಿತು.