ಎಡಗಾಲು, ಬಲಗಾಲು

ಕೌಲ್ ಬಜಾರಿನ ಸಂದಿಯಲ್ಲಿ, ಮಾಳಿಗೆ ಮೇಲೆ
ಹದಿನಾರು ಮಷಿನ್ನು. ನನಗೆ ಮಷಿನ್ನಿಲ್ಲ.
ಕಿಟಕಿ ಪಕ್ಕ ಒಂದು ಮೇಜು, ಒಂದು ಟ್ಯೂಬ್‌ಲೈಟು.
ಹೊಲಿಯುವ ಮುಂಚೆ ಎಡಗಾಲಿನ ನೀಲಿಗೆ
ಬಲಗಾಲಿನ ನೀಲಿ ಕೂಡಿಸುವುದು ನನ್ನ ಕೆಲಸ.

ಸಾಹುಕಾರ ಖಾಜಾಹುಸೇನ್ ಎರಡು ತುಂಡು ಎತ್ತಿ ಹಿಡಿದು
"ಎಲ್ಡೂ ಒಂದೇ ಅಲ್ಲೇನ್ ತಿಪ್ಪಮ್ಮಾ?" ಅಂದ.
ಅಲ್ಲ, ಅಂದೆ. ಇದು ಚೂರು ಕೆಂಪಿಗೆ ತಿರುಗಿದೆ,
ಬದನೆಕಾಯಿ ತೊಟ್ಟಿನ ಬುಡದ ಹಾಗೆ.
ಅವನಿಗೆ ಕಾಣಲಿಲ್ಲ. ವಾಷಿಂಗಿನಿಂದ ಬಂದ ಮೇಲೆ ಕಂಡಿತು:
ನಲವತ್ತು ಪ್ಯಾಂಟು, ನಲವತ್ತಕ್ಕೂ
ಎಡಗಾಲು ಒಂದು ಮನೆಯದು, ಬಲಗಾಲು ಇನ್ನೊಂದು ಮನೆಯದು.

ಆವತ್ತಿನಿಂದ ನನ್ನ ಕಣ್ಣಿಗೆ ದಿನಕ್ಕೆ ಮೂವತ್ತು ರೂಪಾಯಿ ಜಾಸ್ತಿ.

ಆದರೆ ಕಣ್ಣಿಗೂ ಅದರದೇ ಲೆಕ್ಕ.
ತಿಳಿನೀಲಿಗೆ ಒಂದು ಹನಿ ಬಣ್ಣ ಹೆಚ್ಚಾದರೆ ಚೀರುತ್ತದೆ,
ಕಡುನೀಲಿ, ಒಂದು ಲೋಟ ಸುರಿದರೂ ಸುಮ್ಮನೆ.
ಗೌಸಿಯಾಳ ಅಂಗೈಯೂ ಹಾಗೇ:
ಹತ್ತು ಗುಂಡಿಯ ಪೊಟ್ಟಣದಲ್ಲಿ ಒಂದು ಕಡಿಮೆಯಾದರೆ
ಎತ್ತಿದ ಕೂಡಲೇ ಹೇಳುತ್ತಾಳೆ,
ಮೂಟೆಯಿಂದ ಒಂದು ಹಿಡಿ ಹೋದರೂ ತಿಳಿಯುವುದಿಲ್ಲ.
ಒಯ್ದವರು ಯಾರೆಂದು ನಾನು ಹೇಳುವವಳಲ್ಲ.

ನಾಲ್ಕು ಗಂಟೆಗೆ ನೀಲಿಯೆಲ್ಲ ಒಂದೇ ಆಗುತ್ತದೆ.
ಆಗ ಸುಣ್ಣದ ಗೋಡೆ ನೋಡುತ್ತೇನೆ.
ಗೋಡೆ ಮೇಲೆ ಅರಿಶಿನದ ಪ್ಯಾಂಟೊಂದು
ತೇಲಿ, ಅಲ್ಲಾಡಿ, ಕರಗುತ್ತದೆ.
ಕರಗುವವರೆಗೆ ಕೂರಬೇಕು.
ಸಾಹುಕಾರ ಇದಕ್ಕೆ ಮೈಗಳ್ಳತನ ಅನ್ನುತ್ತಾನೆ.

ಮನೆಯಲ್ಲಿ ಟಿವಿ. ಹೋದ ದಸರೆಗೆ
ಸೌಂಡು ಹನ್ನೆರಡಿದ್ದರೆ ಸಾಕಿತ್ತು.
ಒಂದು ದಿನ ಹದಿಮೂರು ಮಾಡಿದೆ.
ಹನ್ನೆರಡಕ್ಕೂ ಹದಿಮೂರಕ್ಕೂ ಏನು ವ್ಯತ್ಯಾಸ?
ಹದಿಮೂರಕ್ಕೂ ಹದಿನಾಲ್ಕಕ್ಕೂ?
ಹೀಗೆ ವ್ಯತ್ಯಾಸವೇ ಇಲ್ಲದ ಮೆಟ್ಟಿಲು ಹತ್ತಿ ಹತ್ತಿ
ಯುಗಾದಿಗೆ ನಲವತ್ತೊಂದರಲ್ಲಿದ್ದೆ.

ಸಿರುಗುಪ್ಪದಿಂದ ಬಂದ ತಂಗಿ ಈರಮ್ಮ
ಹೊಸ್ತಿಲಲ್ಲೇ ಎರಡೂ ಕಿವಿ ಮುಚ್ಚಿ ನಿಂತಳು.
ಬಾಯಿ ಅಲ್ಲಾಡಿದ್ದು ಕಂಡಿತು.
ಅಕ್ಕಾ ಅಂದಿರಬೇಕು.

ಬಟ್ಟೆಯಾದರೆ ಪ್ರತಿ ಥಾನಿನ ತುದಿ ಕತ್ತರಿಸಿ
ತಾರೀಖು ಬರೆದು ಡಬ್ಬಿಯಲ್ಲಿಡುತ್ತೇನೆ.
ಹೋದ ವರ್ಷದ ಕಿವಿಯಿಂದ
ಒಂದು ಚೂರೂ ಎತ್ತಿಟ್ಟುಕೊಂಡಿಲ್ಲ
ಈ ವರ್ಷದ್ದರ ಪಕ್ಕ ಹಿಡಿದು ನೋಡಲು.

ಈರಮ್ಮ ರಿಮೋಟು ಕಸಿದು ಹನ್ನೆರಡಕ್ಕೆ ಇಳಿಸಿದಳು.
ತೆರೆಯ ಮೇಲೆ ಯಾರೋ ಬಾಯಿ ತೆರೆದು ಹಾಡುತ್ತಿದ್ದಳು.
ಅವಳ ಸೀರೆಗೂ ರವಿಕೆಗೂ
ನೀಲಿ ಕೂಡಿರಲಿಲ್ಲ.