ಉಗುರುಬೆಚ್ಚಗೆ

ಬಲ್ಲಾರಟ್‌ನ ಈ ಮನೆ ಕೊಂಡಾಗ
ಅಡುಗೆಮನೆಗೂ ನಡುಮನೆಗೂ ನಡುವೆ ಅರ್ಧ ಗೋಡೆ,
ಉಳಿದರ್ಧ ಮೀನಿನ ತೊಟ್ಟಿ.
ಆರುನೂರ ಎಂಬತ್ತು ಲೀಟರ್ ನೀರು,
ಹುಲಿಪಟ್ಟೆ ಹೊದ್ದ ಏಳು ಕ್ಲೌನ್ ಲೋಚ್.
ಬೀಗದ ಕೈ ಜೊತೆ ಟ್ರೆವರ್ ಹ್ಯಾನ್ಲನ್ ಒಂದು ಚೀಟಿ ಕೊಟ್ಟ:
'ದೊಡ್ಡವಳಿಗೆ ಇಪ್ಪತ್ತೆರಡು ವರ್ಷ. ಸೌತೆಕಾಯಿ ಇಷ್ಟ.'
ಹೀಟರಿನ ಬಗ್ಗೆ ಒಂದಕ್ಷರ ಇರಲಿಲ್ಲ.

ಜೂನ್‌ನಲ್ಲಿ ಜೀಲಾಂಗಿಗೆ ಹೋಗಿ ಎರಡು ರಾತ್ರಿ ಉಳಿದು
ಬಂದು ಬಾಗಿಲು ತೆಗೆದರೆ
ಗಾಜಿನ ತುಂಬ ಆವಿ.
ತೋಳುದ್ದದ ಒಂಟಿ ಹೀಟರು
ಆರುವುದನ್ನೇ ಮರೆತು ಉರಿಯುತ್ತಿತ್ತು. ಮೂವತ್ತೈದು ಡಿಗ್ರಿ.
ಮೂರು ಮೀನು ಹೋಗಿದ್ದವು.
ನಾಲ್ಕು, ಬಾಯಿ ಮೇಲೆತ್ತಿ, ಗಾಳಿ ಬೇಡುತ್ತಿದ್ದವು.
ಹಿತ್ತಲಿನ ಹುಲ್ಲು ಮಂಜುಗಟ್ಟಿ ಕಾಲಡಿ ಮುರಿಯುತ್ತಿತ್ತು,
ಅಲ್ಲೇ ಗುಂಡಿ ತೋಡಿದೆ.
ಇಂಥ ಚಳಿಯಲ್ಲಿ ಸೆಕೆಗೆ ಸತ್ತವೆಂದು
ಯಾರಿಗೆ ಹೇಳುವುದು?

ನಾನು ಆಸ್ಪತ್ರೆಯ ಬಾಯ್ಲರ್ ನೋಡುವವನು.
ಎರಡು ವಾಲ್ವ್ ಇಲ್ಲದ ಪೈಪಿಗೆ ಸಹಿ ಹಾಕಿದವನಲ್ಲ.
ಮನೆಯಲ್ಲಿ ಮಾತ್ರ, ನೋಡಿ,
ಒಂದನ್ನೇ ನಂಬಿ ಸೌತೆಕಾಯಿ ಹೆಚ್ಚುತ್ತ ಕೂತಿದ್ದೆ.

ಅಂಗಡಿಯ ಮಾರ್ಲೀನಳ ತೋಳು ಮೊಣಕೈವರೆಗೆ ಯಾವಾಗಲೂ ಒದ್ದೆ.
ಮೊದಲ ಪ್ರಶ್ನೆ: ರಾತ್ರಿ ನಿಮ್ಮ ಕೋಣೆ ಎಷ್ಟು ತಣ್ಣಗೆ?
ಹದಿಮೂರು, ಅಂದೆ. ಮಲಗುವಾಗ ಗ್ಯಾಸ್ ಆರಿಸುತ್ತೇವೆ.
ನೀರು?
ಇಪ್ಪತ್ತೆಂಟು.
ಹದಿನೈದು ಮೆಟ್ಟಿಲು ಹತ್ತಬೇಕು, ಎಂದು
ಬಿಲ್ಲಿನ ಬೆನ್ನಲ್ಲಿ ವಾಟಿನ ಲೆಕ್ಕ ಗೀಚಿದಳು.
ಗಾಜಿನದು ಅಗ್ಗ; ನೀರು ಬದಲಿಸುವಾಗ ಸ್ವಿಚ್ಚು ಮರೆತಿರೋ, ಸಿಡಿಯುತ್ತದೆ.
ಟೈಟಾನಿಯಂ ಕಲ್ಲು ಬಡಿದರೂ ಜಗ್ಗದು,
ಆದರೆ ಇದಕ್ಕೆ ಸ್ವಂತ ಬುದ್ಧಿ ಇಲ್ಲ,
ಬುದ್ಧಿಯ ಡಬ್ಬಿ ಬೇರೆ, ಬೆಲೆಯೂ ಬೇರೆ.

ಒಂದೇ ದೊಡ್ಡದು ಸಾಲದೇ, ಎಂದಳು ಕಸ್ತೂರಿ,
ಪರ್ಸಿನ ಜಿಪ್ಪು ಅರ್ಧ ಎಳೆದು.
ಮಾರ್ಲೀನ್ ನಕ್ಕಳು, ನಗು ಅರ್ಧಕ್ಕೇ ನುಂಗಿದಳು:
ದೊಡ್ಡದಕ್ಕೆ ಹುಚ್ಚು ಹಿಡಿದರೆ ಸಾರು ಕಾಯಿಸುತ್ತದೆ, ನೋಡಿದ್ದೀರಲ್ಲ.
ಸಣ್ಣವು ಎರಡು ಹಾಕಿ, ಆಚೆ ತುದಿಗೊಂದು ಈಚೆಗೊಂದು.
ಒಂದಕ್ಕೆ ತಲೆ ಕೆಟ್ಟರೂ ಅಷ್ಟು ನೀರು ಕುದಿಸುವ ತಾಕತ್ತಿಲ್ಲ.
ಒಂದು ಸತ್ತರೆ
ಇನ್ನೊಂದು ಬೆಳಗಿನವರೆಗೆ ಹೇಗೋ ತಳ್ಳುತ್ತದೆ.

ಎರಡು ಮುನ್ನೂರರವು. ಟೈಟಾನಿಯಂ. ಡಬ್ಬಿಯೂ.
ಆ ತಿಂಗಳು ಕಸ್ತೂರಿಯ ಹಲ್ಲಿನ ಡಾಕ್ಟರು ಮುಂದಕ್ಕೆ ಹೋದರು.

ರಾತ್ರಿ ಎಲ್ಲ ಜೋಡಿಸಿದ ಮೇಲೆ
ಅವಳು ತೋಳು ಮಡಚಿ ಮೊಣಕೈ ಅದ್ದಿದಳು,
ಇಂಚರಾ ಎರಡು ವಾರದ ಕೂಸಾಗಿದ್ದಾಗ
ಎರೆಯುವ ಮುಂಚೆ ಅದ್ದುತ್ತಿದ್ದ ಹಾಗೆ.
'ಅಯ್ಯೋ, ತಣ್ಣಗಿದೆಯಲ್ಲ ಪಾಪ.'
ಮೀಟರು ಇಪ್ಪತ್ತೆಂಟೇ ತೋರಿಸುತ್ತಿತ್ತು, ಸರಿಯಾಗಿ.
'ಉಗುರುಬೆಚ್ಚಗೆ ಬೇಡವೇ? ಅದು ಎಷ್ಟಾಗುತ್ತೆ?'

ನಾನು ಬಾಯ್ಲರಿನವನು, ಬಾಯಿಗೆ ಬಂದದ್ದು ಹೇಳಿಬಿಟ್ಟೆ:
ಮೂವತ್ತೈದು.

ಕೈ ನೀರಿನಲ್ಲೇ ಇತ್ತು.
ಆಮೇಲೆ ತೆಗೆದಳು. ಒರೆಸಿಕೊಳ್ಳಲಿಲ್ಲ.
ನೆಲದ ಮೇಲೆ ಹನಿ ಬೀಳುವುದು ಕೇಳುತ್ತಿತ್ತು.

ನಡುರಾತ್ರಿ ಎದ್ದು ಬಂದೆ.
ಆಚೆ ತುದಿಯ ದೀಪ ಕೆಂಪು, ಈಚೆಯದು ಕಪ್ಪು.
ಮರದ ಬೊಡ್ಡೆಯ ಕೆಳಗೆ ದೊಡ್ಡವಳು
ಮಗ್ಗುಲಾಗಿ, ಸತ್ತ ಹಾಗೆ, ಬಿದ್ದಿದ್ದಳು.
ಮಾರ್ಲೀನ್ ಹೇಳಿದ್ದಳು: ಈ ಜಾತಿ ಮಲಗುವುದೇ ಹಾಗೆ,
ಗಾಬರಿಯಿಂದ ಗಾಜು ತಟ್ಟಬೇಡಿ.

ಬೆರಳು ಗಾಜಿನ ಹತ್ತಿರ ಹೋಯಿತು, ನಿಂತಿತು.
ಕ್ಲಿಕ್ ಎಂದು ಈಚೆಯದೂ ಕೆಂಪಾಯಿತು.
ಕಿವಿರು ಆಡಿತೋ, ಬೆಳಕು ಆಡಿತೋ.
ಹಿಂದಿನಿಂದ ಕಸ್ತೂರಿ, ಹೊದಿಕೆ ಎಳೆದುಕೊಂಡು,
'ಎಷ್ಟಿದೆ?' ಅಂದಳು.