ಅನುಭವದ ಕಾಲಂ

ಟಾರ್ಗೆಟ್ ಮುಟ್ಟಿತಂತೆ ನಮ್ಮಂಗಡಿ.
ಕಂಪನಿ ಹುಡುಗ ಶ್ರೀನಿವಾಸಪುರದ ತನಕ ಬಂದು
ಕೌಂಟರಿನ ಮೇಲೆ ಮೂರು ಬಣ್ಣದ ಪುಸ್ತಕ ಹರಡಿ ಹೋದ:
"ಮೇಡಂ, ಜನವರಿ, ಹಿಮ, ಇಬ್ಬರಿಗೆ. ಒಂದು ಆರಿಸಿಡಿ."
ಫ್ಯಾನಿನ ಗಾಳಿಗೆ ಜಾರ್ಜಿಯಾ ಹಾರುತ್ತಿತ್ತು,
ಬೇವಿನೆಣ್ಣೆ ಡಬ್ಬ ಹೇರಿದೆ.
ಬಲ್ಗೇರಿಯಾಕ್ಕೆ ತೂಕದ ಕಲ್ಲು.
ಕಜಕಸ್ತಾನ ತಾನಾಗೇ ಕೂತಿತ್ತು.

ಜನವರಿ ಅಂದರೆ ನಮಗೆ ಹೂವು.
ಊರ ಸುತ್ತ ಮಾವು ಕೆಂಚಗೆ ಮೈತುಂಬಿಕೊಂಡು
ಜಿಗಿಹುಳು ತಟತಟ ಸಿಡಿಯುವ ಹೊತ್ತು.
ವರ್ಷದ ವ್ಯಾಪಾರ ಆ ಆರು ವಾರದಲ್ಲಿ.
ಔಷಧಿ ಮಾರಿದ್ದಕ್ಕೆ ಬಹುಮಾನ,
ಔಷಧಿ ಮಾರದ ಎಂಟು ದಿನ.

ಅಕ್ಕ ಮುನಿರತ್ನ ಬಂದು, ಕನ್ನಡಕ ಏರಿಸಿ,
ಮದುವೆ ಸೀರೆ ಮಗುಚುವ ಹಾಗೆ ಬೆಟ್ಟಗಳನ್ನು ಮಗುಚಿದಳು.
"ಗುಡೌರಿ. ಗೌರಿ ಇದ್ದಂಗೈತೆ.
ಬಾನ್ಸ್ಕೋ... ಯಾರೋ ಕೆಮ್ಮಿದಂಗೈತೆ."
ಬಲ್ಗೇರಿಯಾದ ಮೊಸರು ಚೆನ್ನಂತೆ, ಅಂದೆ.
"ಮೊಸರನ್ನಕ್ಕೆ ಅಷ್ಟು ದೂರ ಯಾಕೆ?"

ನಾನು ನೋಡಿದ್ದು ಇಳಿಜಾರಿನ ನಕ್ಷೆ.
ಬಿಳಿ ಬೆಟ್ಟದ ಬೆನ್ನಮೇಲೆ
ಹಸಿರು, ನೀಲಿ, ಕೆಂಪು, ಕಪ್ಪು ಗೆರೆ.
ಯಾರೂ ಹೇಳಿಕೊಡಬೇಕಿಲ್ಲ,
ಇಪ್ಪತ್ತೆರಡು ವರ್ಷ ಡಬ್ಬದ ತ್ರಿಕೋನ ಓದಿ ಕೊಟ್ಟವಳು:
ಹಸಿರಾದರೆ ಕೈ ತೊಳೆದುಕೋ, ಸಾಕು.
ನೀಲಿಯಾದರೆ ಮೂಗಿಗೆ ಬಟ್ಟೆ ಕಟ್ಟು.
ಹಳದಿಯಾದರೆ ಗಾಳಿಗೆದುರು ನಿಲ್ಲಬೇಡ.
ಕೆಂಪು
ಹಿಂದಿನ ಕಪಾಟಿನಲ್ಲಿ, ಬೀಗದೊಳಗೆ.
ಕೇಳಿದವರ ಮುಖ ಒಂದು ಸಲ ನೋಡಿ
"ಸ್ಟಾಕ್ ಇಲ್ಲಪ್ಪ" ಅಂದದ್ದೂ ಉಂಟು.
ಕಪ್ಪು ನಮ್ಮಲ್ಲಿಲ್ಲ.
ಅದೇನೋ, ಹೋಗಿ ನೋಡಬೇಕು.

ಅರ್ಜಿಯಲ್ಲಿ ಎತ್ತರ, ತೂಕ, ಕಾಲಿನ ಅಳತೆ.
ಬೂಟು ಕಂಡ ಕಾಲಲ್ಲ ನಮ್ಮದು.
ಬಿಲ್ ಪುಸ್ತಕ ನೆಲಕ್ಕಿಟ್ಟು ಅಕ್ಕನನ್ನು ಹತ್ತಿಸಿ
ಪಾದದ ಸುತ್ತ ಪೆನ್ನು ಓಡಿಸಿದೆ.
ಕಚಗುಳಿಗೆ ಕುಣಿದಳು,
ಕಿರುಬೆರಳು ಜಿಎಸ್‌ಟಿ ನಂಬರಿನ ಮೇಲೆ ಬಂತು.
ಕಾಲುಂಗುರ ಬಿಚ್ಚಬೇಕೋ ಏನೋ.
ಅದಕ್ಕೆ ಕಾಲಂ ಇಲ್ಲ.

ಕೊನೆಯದು, ಅನುಭವ.
ಹೊಸಬರು, ಮಧ್ಯಮ, ಪರಿಣತರು: ಒಂದಕ್ಕೆ ಟಿಕ್.
ಹೊಸಬರಿಗೆ ಪೆನ್ನು ಇಳಿಸುತ್ತಿದ್ದೆ.
ಅಕ್ಕ ಮಣಿಕಟ್ಟು ಹಿಡಿದಳು.
"ಜಾರುಬಂಡೆ ಮರೆತೆಯೇನೆ?"

ಊರ ಹಿಂದಿನ ಬಂಡೆ. ಬಿಸಿಲಿಳಿಯುವ ತನಕ
ಅಂಡು ಊರುವ ಹಾಗಿರಲಿಲ್ಲ.
ತೆಂಗಿನ ಮಟ್ಟೆ ನೀರಲ್ಲಿ ನೆನೆಸಿ, ಹೊತ್ತು ಹತ್ತಿ,
ಮುಂದೆ ಅವಳು, ಅವಳ ಲಂಗ ಹಿಡಿದು ನಾನು.
ಬ್ರೇಕು ಅಂದರೆ ಕೆಳಗಿನ ಸೀತಾಫಲದ ಪೊದೆ.
ಒಂದು ಸಂಜೆ ಪೊದೆ ತಪ್ಪಿತು.
ಮುಂದಿನ ಹಲ್ಲು ಅರ್ಧ ಅಲ್ಲೇ ಬಿಟ್ಟು ಬಂದಳು.
ಕಬ್ಬು ಕಡಿದೆವು ಅಂತ ಮನೆಯಲ್ಲಿ ಸುಳ್ಳು.
ಅಮ್ಮ ಇವತ್ತಿಗೂ ಸಂಕ್ರಾಂತಿಗೆ
ಕಬ್ಬನ್ನು ಬೆರಳುದ್ದ ಕತ್ತರಿಸಿಯೇ ಕೊಡುವುದು.

"ಹಲ್ಲು ಕೊಟ್ಟು ಕಲಿತವಳು,
ಹೊಸಬಳು ಹೆಂಗಾಗ್ತೀನಿ?"

ಅಷ್ಟರಲ್ಲಿ ಗೌನಿಪಲ್ಲಿಯ ಕದಿರೆಪ್ಪ
ಬೈಕ್ ಆರಿಸದೆಯೇ ಕೂಗಿದ:
"ಅಕ್ಕಾ, ಮಾವು ಈ ಸಲ ಬೇಗ ಮೊಗ್ಗೊಡೆದೈತೆ, ಏನು ಹೊಡೀಲಿ?"
ಹೊರಗೆ ಹೋಗಿ, ಅವನು ತಂದ ಕಡ್ಡಿಯ ತುದಿ ಚಿವುಟಿ ನೋಡಿದೆ.
"ಇನ್ನೂ ಏನೂ ತೀರ್ಮಾನ ಆಗಿಲ್ಲ ಇದರೊಳಗೆ.
ಹೂವೋ ಎಲೆಯೋ ಗೊತ್ತಾಗಲಿ. ಹದಿನೈದು ದಿನ ತಡಿ.
ಸಂಕ್ರಾಂತಿ ಕಳೆದು ಎಂಟು ದಿನ ನಾನಿರಲ್ಲ, ಅದಕ್ಕೆ ಮೊದಲೇ ಬಾ."
ಹೇಳಿದ ಮೇಲೆ ನನಗೇ ಕೇಳಿಸಿತು.
ಎಲ್ಲಿಗೆ ಅಂತ ಅವನು ಕೇಳಲಿಲ್ಲ.

ಒಳಗೆ ಬರುವಷ್ಟರಲ್ಲಿ ಅಕ್ಕ ಟಿಕ್ ಹಾಕಿದ್ದಳು,
ಮಧ್ಯಮ, ಇಬ್ಬರಿಗೂ,
ಕೆಳಗಿನ ಹಾಳೆಗೂ ಮೂಡುವ ಹಾಗೆ ಒತ್ತಿ.
ಜಾಗದ ಹೆಸರು ಮಾತ್ರ ನನಗೆ ಬಿಟ್ಟಿದ್ದಳು.

ಬೇವಿನೆಣ್ಣೆ ಡಬ್ಬ ಎತ್ತಿದೆ.
ಜಾರ್ಜಿಯಾದ ಹಿಮದ ಮೇಲೆ ದುಂಡಗೆ ಎಣ್ಣೆ ಕಲೆ,
ಮೂರು ಇಳಿಜಾರು ಮತ್ತೊಂದು ಹೋಟೆಲು ಅದರೊಳಗೆ.
ಹಾಳು ಮಾಡಿದ ಪುಸ್ತಕ
ಹೇಗೆ ವಾಪಸ್ ಕೊಡುವುದು?
ಅದನ್ನೇ ಬರೆದೆ.